ಒಂದು ಕೈ, ಒಂದು ಹಿಮ್ಮೇಳ: ಪೇಟಿಯಿಂದ ಕೀಬೋರ್ಡಿನವರೆಗೆ

(ಮೀನಾ ಅಬ್ದುಲ್ಲಾದಲ್ಲಿ ನಡೆದ ಕುಟುಂಬ ಸಮ್ಮಿಲನದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಾಗೂ ಶುಕ್ರವಾರದ ಬಿರಿಯಾನಿಯ ದುಷ್ಪರಿಣಾಮಗಳ ವಿಷಯ ತೆಗೆದು ಊಟದ ರುಚಿ ಕೆಡಿಸುತ್ತಾನೆಂಬ ಅಂಜಿಕೆ ಸಭಿಕರಲ್ಲಿ ಇರುವುದು ಸಹಜ. ಇಂದು ಆ ಅಂಜಿಕೆ ಬೇಡ. ನಾನು ಮಾತನಾಡಬೇಕೆಂದಿರುವುದು ಸಂಗೀತವಾದ್ಯಗಳ ಚರಿತ್ರೆಯ ಒಂದು ಸಣ್ಣ ಅಧ್ಯಾಯವನ್ನು ಕುರಿತು. ನಾನು ಸಂಗೀತ ವಿದ್ವಾಂಸನಲ್ಲ, ಇತಿಹಾಸಕಾರನೂ ಅಲ್ಲ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಸಂಜೆ ಹೊತ್ತು ಪೇಟಿಯ ಧ್ವನಿ ಕೇಳುತ್ತ ಬೆಳೆದವನು. ಮುಂದೆ ವಿದೇಶದಲ್ಲಿ ರೆಸಿಡೆನ್ಸಿ ಮುಗಿಸಿ, ಪಾರ್ಶ್ವವಾಯು ಪೀಡಿತರ ಕೈಕಾಲುಗಳನ್ನು ನೋಡುವುದನ್ನೇ ವೃತ್ತಿಯಾಗಿಸಿಕೊಂಡವನು. ಈ ಎರಡು ಸಂಗತಿಗಳು ಒಂದಕ್ಕೊಂದು ಸಂಬಂಧಪಟ್ಟವೆಂದು ಬಹುಕಾಲ ನನಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವರು ಈ ಮೀನಾ ಅಬ್ದುಲ್ಲಾದಲ್ಲಿಯೇ ದುಡಿಯುವ ನಮ್ಮ ಮಿತ್ರರೊಬ್ಬರು. ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಿದ್ದಾರೆ. ಈಗ ಮೂರನೆಯ ಸಾಲಿನಲ್ಲಿ ಕುಳಿತು ನನ್ನತ್ತ ಕಣ್ಣು ಬಿಡುತ್ತಿದ್ದಾರೆ, ಇರಲಿ.

ಅವರು ಕಾರ್ಕಳದ ಕಡೆಯವರು. ಇಲ್ಲಿನ ತೈಲ ಶುದ್ಧೀಕರಣಾಗಾರದ ಗುತ್ತಿಗೆ ಕೆಲಸಕ್ಕೆಂದು ಬಂದು ಇಪ್ಪತ್ತು ವರ್ಷ ಮೇಲಾಯಿತು. ಶುಕ್ರವಾರದ ಭಜನೆಗೂ ಮಕ್ಕಳ ಭಾವಗೀತೆಗೂ ಕೀಬೋರ್ಡು ನುಡಿಸುತ್ತಿದ್ದವರು ಅವರೇ. ಎರಡು ವರ್ಷಗಳ ಹಿಂದೆ ಅವರ ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎಡಗೈ ಎಡಗಾಲು ಸೋತವು. ಕಾಲು ಸುಧಾರಿಸಿತು. ಭುಜ, ಮೊಣಕೈ ತಕ್ಕಮಟ್ಟಿಗೆ ಮರಳಿದವು. ಬೆರಳುಗಳು ಮರಳಲಿಲ್ಲ. ಕಳೆದ ರಾಜ್ಯೋತ್ಸವದ ತಾಲೀಮಿನ ಹೊತ್ತಿಗೆ ಯಾರೋ, ‘ಟ್ರ್ಯಾಕ್ ಹಾಕಿಕೊಂಡು ಬಲಗೈಯಲ್ಲಿ ನುಡಿಸಿ’ ಎಂದು ಸಲಹೆ ಕೊಟ್ಟರು. ಅವರು ಒಪ್ಪಲಿಲ್ಲ. “ಡಾಕ್ಟ್ರೇ, ಅದು ನುಡಿಸುವುದಲ್ಲ, ನುಡಿಸಿದ ಹಾಗೆ ಮಾಡುವುದು. ಕೀಬೋರ್ಡನ್ನು ಯಾರಾದರೂ ಹುಡುಗರಿಗೆ ಕೊಟ್ಟುಬಿಡುತ್ತೇನೆ” ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ಹೌದೆಂದು ತಲೆಯಾಡಿಸಿದರು. ನನಗೆ ಅಂದು ಉತ್ತರ ತೋಚಲಿಲ್ಲ. ಇಂದಿನ ಉಪನ್ಯಾಸ ತಡವಾಗಿ ಕೊಡುತ್ತಿರುವ ಆ ಉತ್ತರ.

ತೋಚದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ರೆಸಿಡೆನ್ಸಿಯ ದಿನಗಳಲ್ಲಿ ನನ್ನ ವಾರ್ಡಿನಲ್ಲಿ ಪಿಯಾನೊ ಪಾಠ ಹೇಳುತ್ತಿದ್ದ ವೃದ್ಧೆಯೊಬ್ಬರಿದ್ದರು. ಅವರಿಗೂ ಇದೇ ಕಾಯಿಲೆ. ಮತ್ತೆ ನುಡಿಸಬಲ್ಲೆನೆ ಎಂದು ಕೇಳಿದಾಗ, ‘ಮೊದಲು ಅಂಗಿಯ ಗುಂಡಿ ಹಾಕುವುದನ್ನು ಕಲಿಯೋಣ, ಪಿಯಾನೊ ಮಾತು ಆಮೇಲೆ’ ಎಂದುಬಿಟ್ಟೆ. ಬುದ್ಧಿವಂತಿಕೆಯ ಮಾತೆಂದೇ ಅಂದುಕೊಂಡಿದ್ದೆ. ಆ ತಾಯಿ ಮತ್ತೆ ಆ ಪ್ರಶ್ನೆಯನ್ನು ಕೇಳಲಿಲ್ಲ. ಅವರು ಆಸ್ಪತ್ರೆಯಿಂದ ಮನೆಗೆ ಹೋದದ್ದು ನೆನಪಿದೆ, ಮುಂದೇನಾಯಿತೆಂದು ತಿಳಿಯದು.

ವಿಷಯಕ್ಕೆ ಬರೋಣ.

ಪಾಶ್ಚಾತ್ಯರ ಪಿಯಾನೊ ಎರಡು ಕೈಗಳ ವಾದ್ಯ. ಸ್ಥೂಲವಾಗಿ ಹೇಳುವುದಾದರೆ ಬಲಗೈಯಲ್ಲಿ ರಾಗದ ಎಳೆ, ಎಡಗೈಯಲ್ಲಿ ಅದಕ್ಕೆ ಆಧಾರವಾದ ಸ್ವರಮೇಳ. ಒಂದು ಕೈ ಹೋಯಿತೆಂದರೆ ವಾದ್ಯದ ಅರ್ಧ ಹೋದಂತೆ. ಆದರೂ ಹೋದ ಕೈಯನ್ನು ಜಯಿಸಿದವರ ಚರಿತ್ರೆ ಅಲ್ಲಿಯೂ ಇದೆ. ವಿಯೆನ್ನಾದ ಪೌಲ್ ವಿಟ್‌ಗೆನ್‌ಸ್ಟೈನ್ ಎಂಬ ಪಿಯಾನೊ ವಾದಕ (ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನನ ಅಣ್ಣ) 1914ರಲ್ಲಿ, ಮೊದಲ ಮಹಾಯುದ್ಧದ ಆರಂಭದ ವಾರಗಳಲ್ಲಿಯೇ ಗಾಯಗೊಂಡು ಬಲಗೈ ಕಳೆದುಕೊಂಡು ರಷ್ಯನ್ನರಿಗೆ ಸೆರೆಸಿಕ್ಕಿದ. ಸೈಬೀರಿಯದ ಓಮ್‌ಸ್ಕ್ ಶಿಬಿರದಲ್ಲಿ ಮರದ ಪೆಟ್ಟಿಗೆಯೊಂದರ ಮೇಲೆ ಇದ್ದಿಲಿನಿಂದ ಪಿಯಾನೊ ಮನೆಗಳನ್ನು ಬರೆದುಕೊಂಡು, ಸದ್ದೇ ಇಲ್ಲದ ಆ ಹಲಗೆಯ ಮೇಲೆ ಎಡಗೈಯಿಂದ ಅಭ್ಯಾಸ ಮಾಡಿದ. ಯುದ್ಧ ಮುಗಿದ ಮೇಲೆ ದೊಡ್ಡ ದೊಡ್ಡ ವಾಗ್ಗೇಯಕಾರರಿಗೆ ಹಣ ಕೊಟ್ಟು ಎಡಗೈಗೆಂದೇ ಕೃತಿಗಳನ್ನು ಬರೆಸಿದ. ಮೋರಿಸ್ ರಾವೆಲ್ ಬರೆದ ಎಡಗೈಯ ಕಾನ್ಸರ್ಟೊ 1932ರ ಜನವರಿಯಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಯಿತು. ಪ್ರೊಕೋಫಿಯೆವ್ ಬರೆದುಕೊಟ್ಟದ್ದು ಮಾತ್ರ ವಿಟ್‌ಗೆನ್‌ಸ್ಟೈನನಿಗೆ ರುಚಿಸಲಿಲ್ಲ, ಆತ ಅದನ್ನು ನುಡಿಸಲೇ ಇಲ್ಲ. 1956ರಲ್ಲಿ ಅದನ್ನು ಬರ್ಲಿನ್ನಿನಲ್ಲಿ ನುಡಿಸಿದವನು ಸೀಗ್‌ಫ್ರೀಡ್ ರಾಪ್. ಆತ ಎರಡನೆಯ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಒಂದು ಯುದ್ಧದ ಗಾಯಾಳುವಿಗೆ ಬರೆದದ್ದು ಮುಂದಿನ ಯುದ್ಧದ ಗಾಯಾಳುವಿಗೆ ಒದಗಿತು.

ರಾವೆಲ್ಲನ ಕೃತಿಯನ್ನು ಧ್ವನಿಮುದ್ರಣದಲ್ಲಿ ಕೇಳಿದರೆ ಒಂದೇ ಕೈಯೆಂದು ನಂಬುವುದು ಕಷ್ಟ. ಐದು ಬೆರಳು ಮಂದ್ರದಿಂದ ತಾರಕ್ಕೆ ಜಿಗಿಯುತ್ತ ಎರಡು ಕೈಗಳ ಭ್ರಮೆ ಹುಟ್ಟಿಸುತ್ತವೆ. ಬೆರಳು ಬಿಡುವು ಪಡೆಯುವಲ್ಲಿ ವಾದ್ಯವೃಂದ ಭಾರ ಹೊರುತ್ತದೆ. ಅದ್ಭುತ ಸಾಧನೆ, ಸಂಶಯವಿಲ್ಲ. ಆದರೆ ಅದರ ಬೆಲೆಯನ್ನೂ ನೋಡಬೇಕು. ವಿಟ್‌ಗೆನ್‌ಸ್ಟೈನರದು ಆಸ್ಟ್ರಿಯದ ಮಹಾಶ್ರೀಮಂತ ಮನೆತನಗಳಲ್ಲೊಂದು. ಒಂದು ಕೈಗೆ ಒಂದು ಸಂಗೀತವನ್ನು ಬರೆಸಲು, ಅದಕ್ಕೊಂದು ವಾದ್ಯವೃಂದವನ್ನು ಕೂರಿಸಲು ಅಷ್ಟು ಸಂಪತ್ತು ಬೇಕಾಯಿತು. ನಮ್ಮ ಕಾರ್ಕಳದ ಮಿತ್ರರಿಗೆ ಅದು ಎಲ್ಲಿಂದ ಬರಬೇಕು?

ಇಲ್ಲಿಯೇ ನಮ್ಮ ನಾಡಿನ ಚರಿತ್ರೆ ಬೇರೆ ದಾರಿ ಹಿಡಿಯುತ್ತದೆ.

ಹಾರ್ಮೋನಿಯಂ ನಮ್ಮದಲ್ಲ, 1840ರ ದಶಕದ ಆರಂಭದಲ್ಲಿ ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೆಂ ಎಂಬಾತ ಆ ಹೆಸರಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ. ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯೊತ್ತಿ, ಎರಡೂ ಕೈಗಳಿಂದ ನುಡಿಸುವ ಮೇಜಿನಂಥ ಪೆಟ್ಟಿಗೆ ಅದು. ಮಿಷನರಿಗಳೊಂದಿಗೆ ಭಾರತಕ್ಕೆ ಬಂದಿತು. 1875ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ದ್ವಾರ್ಕಿನ್ ಅಂಗಡಿಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವವರಿಗೆ ತಕ್ಕಂತೆ ಬದಲಿಸಿದರು. ಕಾಲಿನ ತಿದಿಯನ್ನು ತೆಗೆದು ಪೆಟ್ಟಿಗೆಯ ಹಿಂಬದಿಗೆ ಕೈತಿದಿಯನ್ನು ಕೂರಿಸಿದರು. ಪರಿಣಾಮವೇನಾಯಿತೆಂದರೆ ಎಡಗೈ ಗಾಳಿಯೂದುವ ಕೆಲಸಕ್ಕೆ ಹೋಯಿತು; ನುಡಿಸುವುದಕ್ಕೆ ಉಳಿದದ್ದು ಒಂದೇ ಕೈ! ಪಾಶ್ಚಾತ್ಯ ಪಂಡಿತರಿಗೆ ಇದು ವಾದ್ಯದ ಅಂಗಭಂಗವೆಂದೇ ತೋರಿರಬೇಕು. ಆದರೆ ನಮಗೆ ನಷ್ಟವೇ ಆಗಲಿಲ್ಲ. ನಮ್ಮ ಸಂಗೀತದಲ್ಲಿ ಸ್ವರಮೇಳದ ಹೊರೆಯಿಲ್ಲ. ರಾಗದ ಒಂದೇ ಎಳೆ, ಅದರ ಬೆನ್ನಿಗೆ ಷಡ್ಜದ ಆಧಾರ. ಎಳೆಗೆ ಒಂದು ಕೈ ಸಾಕು.

ವೈದ್ಯನಾಗಿ ಇಲ್ಲೊಂದು ಮಾತನ್ನು ಸೇರಿಸಬೇಕು. ಪಾರ್ಶ್ವವಾಯುವಿನ ನಂತರ ಚಲನೆ ಮರಳುವುದಕ್ಕೆ ಸಾಮಾನ್ಯವಾಗಿ ಒಂದು ಕ್ರಮವಿದೆ. ಮೊದಲು ಭುಜ, ಆಮೇಲೆ ಮೊಣಕೈ, ಕೊನೆಗೆ (ಮರಳಿದರೆ) ಬೆರಳು. ಬೆರಳಿನ ಸೂಕ್ಷ್ಮ ಚಲನೆಗೆ ಮಿದುಳಿನ ದೊಡ್ಡ ಪಾಲು ಮೀಸಲಾಗಿದೆ. ಅಲ್ಲಿ ಏಟು ಬಿದ್ದರೆ ಬೆರಳುಗಳು ಒಂದನ್ನು ಬಿಟ್ಟು ಒಂದು ಆಡುವ ಸ್ವಾತಂತ್ರ್ಯವನ್ನು ಕಳೆದುಕೊಂಡು ಎಲ್ಲವೂ ಒಟ್ಟಿಗೇ ಮುದುಡುತ್ತವೆ. ಈಗ ಪೇಟಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಿದಿಯೊತ್ತುವ ಎಡಗೈಗೆ ಬೇಕಾದದ್ದೇನು? ಬೆರಳಿನ ನಯವಲ್ಲ, ಭುಜ ಮೊಣಕೈಗಳ ಹಿಂದುಮುಂದಿನ ಆಟ. ಅಂಗೈ ಮುದುಡಿದ್ದರೂ ತಿದಿಯ ಹಲಗೆಯನ್ನು ತಳ್ಳಬಹುದು. ಘೋಷರು ರೋಗಿಗಳನ್ನು ನೆನೆದು ಈ ವಾದ್ಯವನ್ನು ಮಾಡಲಿಲ್ಲ ನಿಜ. ಆದರೂ ಎಡಗೈ ಸೋತವನಿಗೆ ಇದಕ್ಕಿಂತ ಹೇಳಿಮಾಡಿಸಿದ ಮಣೆವಾದ್ಯವನ್ನು ನಾನು ಕಾಣೆ. ಸೋತದ್ದು ಬಲಗೈಯಾದರೆ? ಆಗ ಕಾಲಿನಿಂದ ತಿದಿಯೊತ್ತುವ ಲೆಗ್ ಹಾರ್ಮೋನಿಯಂ ಇದೆ, ಎಡಗೈಯನ್ನು ಮನೆಗಳ ಮೇಲಿಟ್ಟರಾಯಿತು. ನಮ್ಮ ಕಂಪನಿ ನಾಟಕಗಳಲ್ಲಿ ರಂಗದ ಮುಂದೆ ಕುಳಿತು ಇಡೀ ನಾಟಕವನ್ನು ನಡೆಸುತ್ತಿದ್ದ ವಾದ್ಯ ಅದೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ಉತ್ತರ ಕರ್ನಾಟಕದ ಜಾತ್ರೆಗಳ ನಾಟಕಮಂಡಳಿಗಳವರೆಗೆ ಪೇಟಿ ಮಾಸ್ತರರಿಲ್ಲದೆ ಪರದೆ ಏಳುತ್ತಿರಲಿಲ್ಲ. ನಟನ ಕಂಠ ಯಾವ ಶ್ರುತಿಗೆ ಬಿದ್ದೀತೆಂದು ನಟನಿಗಿಂತ ಮೊದಲು ಅವರಿಗೆ ತಿಳಿದಿರುತ್ತಿತ್ತು.

ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರ (1917–2010) ಹೆಸರನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿ, ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟು, ಅನೇಕ ಶಿಷ್ಯರನ್ನು ಬೆಳೆಸಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನಂತೂ ನಿಮಗೆ ಪರಿಚಯಿಸಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಕಣ್ಣಿಲ್ಲದ ಮಕ್ಕಳಿಗೆ ಕಿವಿಯಿಂದ, ಸ್ಪರ್ಶದಿಂದ ಸಂಗೀತ ಕಲಿಸಿ ಸ್ವಂತ ಕಾಲಿನ ಮೇಲೆ ನಿಲ್ಲಿಸಿದ ಆ ಆಶ್ರಮದಲ್ಲಿ, ‘ಈ ದೇಹಕ್ಕೆ ಈ ವಿದ್ಯೆ ಸಲ್ಲದು’ ಎಂಬ ಮಾತಿಗೆ ಎಡೆಯಿರಲಿಲ್ಲ. ದೇಹಕ್ಕೆ ತಕ್ಕ ದಾರಿಯನ್ನು ಹುಡುಕುವುದೇ ಅಲ್ಲಿ ಪಾಠಕ್ರಮವಾಗಿತ್ತು. ನಮ್ಮ ಕಾಲೇಜಿನಿಂದ ಒಂದೂವರೆ ಗಂಟೆಯ ಬಸ್ಸಿನ ದಾರಿಯಲ್ಲಿದ್ದ ಆ ಪಾಠಶಾಲೆಗೆ ವಿದ್ಯಾರ್ಥಿ ದೆಸೆಯಲ್ಲಿ ನಾನು ಒಮ್ಮೆಯೂ ಹೋಗಲಿಲ್ಲ. ಹೋಗಿದ್ದರೆ ಗುಂಡಿ ಹಾಕುವ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲವೇನೋ.

ಇನ್ನು ನಮ್ಮ ಮಿತ್ರರ ಎರಡನೆಯ ಆಕ್ಷೇಪ: ಟ್ರ್ಯಾಕು. ಇದಕ್ಕೆ ಕನ್ನಡದಲ್ಲಿ ಬೇರೆ ಪದವನ್ನು ಹುಡುಕಿ ಅಲೆಯಬೇಕಾಗಿಲ್ಲ. ಯಕ್ಷಗಾನದವರು ಕೊಟ್ಟ ‘ಹಿಮ್ಮೇಳ’ ಎಂಬ ಪದವೇ ಇದೆ. ಕುಣಿಯುವವರದು ಮುಮ್ಮೇಳ, ಹಿಂದೆ ನಿಂತು ಹೊತ್ತುಕೊಳ್ಳುವವರದು ಹಿಮ್ಮೇಳ. ಭಾಗವತರು, ಮದ್ದಳೆ, ಚೆಂಡೆ, ಜೊತೆಗೆ ಶ್ರುತಿಗೆ ಹಿಂದೆ ಪುಂಗಿ, ಈಚೆಗೆ ಹಾರ್ಮೋನಿಯಂ. ವೇಷಧಾರಿ ತಾನೇ ಹಾಡಿ ತಾನೇ ಚೆಂಡೆ ಬಾರಿಸಬೇಕೆಂದು ಯಾರೂ ಕೇಳಿದ್ದಿಲ್ಲ. ಸಂಗೀತ ಕಚೇರಿಯಲ್ಲಿಯೂ ಹೀಗೆಯೇ: ಶ್ರುತಿಯನ್ನು ತಂಬೂರಿಯವರು, ಲಯವನ್ನು ಮೃದಂಗದವರು, ಛಾಯೆಯಂತೆ ಹಿಂಬಾಲಿಸುವುದನ್ನು ಪಿಟೀಲಿನವರು ಹೊರುತ್ತಾರೆ. ಎಲ್ಲವನ್ನೂ ಒಬ್ಬನ ಹತ್ತು ಬೆರಳುಗಳೇ ಹೊರಬೇಕೆಂಬ ಕಲ್ಪನೆ ಪಿಯಾನೊವಿನದು, ನಮ್ಮದಲ್ಲ. ಈ ಕುವೈತಿನ ಹಳೆಯ ಮುತ್ತಿನ ದೋಣಿಗಳಲ್ಲಿಯೂ ‘ನಹ್ಹಾಮ್’ ಎಂಬ ಹಾಡುಗಾರನಿರುತ್ತಿದ್ದ. ಹಗ್ಗ ಎಳೆಯುವ, ಹುಟ್ಟು ಹಾಕುವ ಕೈಗಳಿಗೆ ಲಯ ಕೊಡುವುದು ಆತನ ಕೆಲಸ. ಉಳಿದವರು ಸೊಲ್ಲು ಸೇರಿಸಿ, ಚಪ್ಪಾಳೆ ತಟ್ಟಿ ಹಿಮ್ಮೇಳವಾಗುತ್ತಿದ್ದರು. ಮರಕ್ಕಾಗಿ ಮಂಗಳೂರು, ಕಲ್ಲಿಕೋಟೆಗಳ ಬಂದರಿಗೆ ಬರುತ್ತಿದ್ದ ಕುವೈತಿ ಹಡಗುಗಳ ಈ ಹಾಡು ನಮ್ಮ ಕರಾವಳಿಯವರ ಕಿವಿಗೂ ಬಿದ್ದಿರಲು ಸಾಕು.

ಮನುಷ್ಯರು ಹೊರುತ್ತಿದ್ದ ಈ ಹಿಮ್ಮೇಳವನ್ನು ಯಂತ್ರ ಹೊರತೊಡಗಿದ್ದು 20ನೆಯ ಶತಮಾನದ ಕಥೆ. ನ್ಯೂಯಾರ್ಕಿನಲ್ಲಿ 1950ರಲ್ಲಿ ‘ಮ್ಯೂಸಿಕ್ ಮೈನಸ್ ಒನ್’ ಎಂಬ ಹೆಸರಿನಲ್ಲಿ ಧ್ವನಿಮುದ್ರಿಕೆಗಳು ಬರತೊಡಗಿದವು. ಇಡೀ ವೃಂದ ನುಡಿಯುತ್ತದೆ, ಒಂದು ವಾದ್ಯ ಮಾತ್ರ ಇರುವುದಿಲ್ಲ. ಆ ಖಾಲಿ ಜಾಗ ಮನೆಯಲ್ಲಿ ಕುಳಿತ ಕಲಿಯುವವನದು. ಜಪಾನಿನ ಕೋಬೆ ನಗರದ ದೈಸುಕೆ ಇನೊವೆ ಪಾನಗೃಹಗಳಲ್ಲಿ ಗಿರಾಕಿಗಳ ಹಾಡಿಗೆ ಕೀಬೋರ್ಡಿನಲ್ಲಿ ಸಾಥ್ ಕೊಡುತ್ತಿದ್ದವನು. ಊರಾಚೆಯ ಪ್ರವಾಸಕ್ಕೆ ಬಾರೆಂದು ಗಿರಾಕಿಯೊಬ್ಬ ಕರೆದಾಗ ತಾನು ಹೋಗಲಾರದೆ, ತನ್ನ ಸಾಥನ್ನು ಟೇಪಿನಲ್ಲಿ ಮುದ್ರಿಸಿ ಕಳಿಸಿದ. ಅದರಿಂದ 1971ರಲ್ಲಿ ಹುಟ್ಟಿದ್ದು ನಾವಿಂದು ಕರೋಕೆ ಎನ್ನುವ ಯಂತ್ರ. ಆ ಜಪಾನಿ ಪದದ ಅರ್ಥವೇ ‘ಖಾಲಿ ವಾದ್ಯವೃಂದ’. ಆತ ಹಕ್ಕುಪತ್ರವನ್ನೂ ಪಡೆಯಲಿಲ್ಲ, ಪಾಪ. 2004ರಲ್ಲಿ ಹಾಸ್ಯದ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು.

ನಮ್ಮ ಬೆಂಗಳೂರು ಈ ಕಥೆಯಲ್ಲಿ ಹಿಂದೆ ಬಿದ್ದಿಲ್ಲ. ಎಚ್‌.ಎ.ಎಲ್‌.ನಲ್ಲಿ ಎಂಜಿನಿಯರರಾಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯ ಹೊತ್ತಿಗೆ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯಿಂದ ಮುಂದೆ ‘ಸಾರಂಗ್’ ತಂಬೂರಿಯೂ ‘ತಾಲಮಾಲಾ’ ತಬಲಾವೂ ಬಂದವು. ಈ ಸಭೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ತಾಯಂದಿರ ಮನೆಯಲ್ಲಿ ಇವುಗಳಲ್ಲೊಂದು ಇರದಿರುವುದು ಅಪರೂಪ. ತಂಬೂರಿ ಮೀಟಲು ಒಬ್ಬರು, ತಬಲಾಕ್ಕೆ ಒಬ್ಬರು ಊರಿನಲ್ಲಿ ಸಿಕ್ಕಾರು. ಮೀನಾ ಅಬ್ದುಲ್ಲಾದ ಕ್ಯಾಂಪಿನಲ್ಲಿ ಪಾಳಿ ಮುಗಿಸಿ ರಾತ್ರಿ ಹತ್ತು ಗಂಟೆಗೆ ಬಂದವನಿಗೆ ಯಾರು ಸಿಗುತ್ತಾರೆ? ಪರದೇಶದ ಒಂಟಿತನವೂ ಒಂದು ಬಗೆಯ ಅಂಗವೈಕಲ್ಯವೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಮ್ಮವರು ಕೈ ಗಟ್ಟಿಯಿದ್ದಾಗಲೇ ಯಂತ್ರದ ಹಿಮ್ಮೇಳವನ್ನು ಒಪ್ಪಿಕೊಂಡಿದ್ದರು. ಕೈ ಸೋತಾಗ ಮಾತ್ರ ಅದು ಮೋಸವೆನಿಸಿತು. ಇದೇ ನನಗೆ ಸೋಜಿಗ.

ಕೀಬೋರ್ಡಿನ ಮಾತಿಗೆ ಬಂದರೆ ಕೊಲ್ಲಿಯ ಋಣವನ್ನು ನೆನೆಯಲೇಬೇಕು. ಜಪಾನಿನ ಕ್ಯಾಸಿಯೊ ಕಂಪನಿ ಲೆಕ್ಕದ ಯಂತ್ರ, ಕೈಗಡಿಯಾರಗಳಿಗೆ ಹೆಸರಾದದ್ದು. 1980ರಲ್ಲಿ ‘ಕ್ಯಾಸಿಯೊಟೋನ್’ ಎಂಬ ಮೊದಲ ಕೀಬೋರ್ಡನ್ನು ಮಾರುಕಟ್ಟೆಗೆ ತಂದಿತು. ಆಮದು ಸುಂಕ ಭಾರಿಯಾಗಿದ್ದ ಆ ಕಾಲದಲ್ಲಿ ಇವು ನಮ್ಮ ಊರುಗಳಿಗೆ ತಲುಪಿದ್ದು ಹೆಚ್ಚಾಗಿ ಕೊಲ್ಲಿಯಿಂದ ರಜೆಗೆ ಬಂದವರ ಸಾಮಾನಿನ ಜೊತೆ, ಟೂ-ಇನ್-ಒನ್ನು, ಅತ್ತರುಗಳ ನಡುವೆ. ಯಾವ ಕಂಪನಿಯದಾದರೂ ‘ಕ್ಯಾಸಿಯೊ’ ಎನ್ನುವ ರೂಢಿ ನಮ್ಮ ಆರ್ಕೆಸ್ಟ್ರಾಗಳಲ್ಲಿ ಇವತ್ತಿಗೂ ಇದೆ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನೊಂದಿಗೆ ಮೈಸೂರು ಅನಂತಸ್ವಾಮಿಯವರು ಭಾವಗೀತೆಯನ್ನು ಮನೆಮನೆಗೆ ತಲುಪಿಸಿದ ಮೇಲೆ, ಆ ಹಾಡುಗಳನ್ನು ಕೊಲ್ಲಿಯ ಕೋಣೆಗಳಲ್ಲಿ ಮತ್ತೆ ನುಡಿಸಿದ್ದು ಈ ಪುಟ್ಟ ಕೀಬೋರ್ಡುಗಳೇ. 1990ರ ಆಗಸ್ಟಿನ ಆಕ್ರಮಣದ ನಂತರ ಸುಮಾರು 1,70,000 ಭಾರತೀಯರು ಅಮ್ಮಾನಿನ ಮೂಲಕ ವಿಮಾನವೇರಿ ಊರಿಗೆ ಮರಳಿದರು. 1958ರಲ್ಲಿ ಅಮಿನಾಯಿಲ್ ಕಂಪನಿ ಕಟ್ಟಿದ ಇಲ್ಲಿನ ಶುದ್ಧೀಕರಣಾಗಾರವೂ ಆ ಯುದ್ಧದಲ್ಲಿ ಜಖಂಗೊಂಡಿತು. ಆಗ ಕೋಣೆಗಳಲ್ಲಿ ಬಿಟ್ಟುಹೋದ ವಾದ್ಯಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈ ಕೀಬೋರ್ಡುಗಳಲ್ಲಿ ಒಂದು ಗುಣವಿದೆ. ಕೈ ಗಟ್ಟಿಯಿರುವವರು ಅದನ್ನು ಮಕ್ಕಳಾಟವೆಂದು ಕಡೆಗಣಿಸುತ್ತಾರೆ. ಎಡಬದಿಯ ಒಂದೇ ಮನೆಯನ್ನು ಒತ್ತಿದರೆ ಪೂರ್ತಿ ಸ್ವರಮೇಳವೂ ತಾಳವೂ ತಾನಾಗಿ ನುಡಿಯುವ ವ್ಯವಸ್ಥೆ ಅದು. ಮೂರು ಬೆರಳುಗಳ ಕೆಲಸವನ್ನು ಒಂದು ಬೆರಳಿಗೆ ಇಳಿಸಿದ್ದು. ಪಿಯಾನೊವಿನ ಮನೆಯನ್ನು ಒತ್ತಲು ಸುಮಾರು 50 ಗ್ರಾಂ ಭಾರ ಬೇಕು. ಸ್ಪ್ರಿಂಗಿನ ಕೀಬೋರ್ಡಿಗೆ ಅಷ್ಟು ಬೇಡ. ಪಿಯಾನೊದಲ್ಲಿ ಒಂದು ಸ್ಥಾಯಿ ಸುಮಾರು ಹದಿನಾರೂವರೆ ಸೆಂಟಿಮೀಟರು ಅಗಲ. ಪುಟ್ಟ ಕೀಬೋರ್ಡುಗಳಲ್ಲಿ ಅದು ಕಿರಿದಾಗುತ್ತದೆ, ಬಿಗಿದ ಅಂಗೈಯನ್ನು ಚಾಚುವ ಕಷ್ಟ ಕಡಿಮೆಯಾಗುತ್ತದೆ. ಹಿಂದಿನ ಕ್ಯಾಸೆಟ್ಟಿನ ಹಿಮ್ಮೇಳವನ್ನು ನಿಧಾನಿಸಿದರೆ ಶ್ರುತಿಯೂ ಇಳಿದು ಹಾಡು ಗೊಗ್ಗರಾಗುತ್ತಿತ್ತು. ಇಂದಿನ ಮೊಬೈಲಿನಲ್ಲಿ ಶ್ರುತಿ ಇದ್ದಲ್ಲೇ ಇದ್ದು ವೇಗ ಮಾತ್ರ ಇಳಿಯುತ್ತದೆ. ನಿಧಾನದ ಕೈಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ವೈದ್ಯಶಾಸ್ತ್ರವೂ ಈ ದಾರಿಗೆ ತಡವಾಗಿ ಬಂದಿದೆ. 2007ರಲ್ಲಿ ಜರ್ಮನಿಯ ಸಬೀನೆ ಶ್ನೈಡರ್, ಎಕಾರ್ಟ್ ಆಲ್ಟೆನ್‌ಮ್ಯುಲರ್ ಮತ್ತು ಸಂಗಡಿಗರು ಪಾರ್ಶ್ವವಾಯುವಿನ ರೋಗಿಗಳಿಗೆ ಮೂರು ವಾರಗಳ ಕಾಲ ವಿದ್ಯುನ್ಮಾನ ಕೀಬೋರ್ಡು ಮತ್ತು ತಾಳದ ಹಲಗೆಗಳಲ್ಲಿ ಅಭ್ಯಾಸ ಮಾಡಿಸಿ, ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಅವರ ಕೈಯ ಚಲನೆ ಹೆಚ್ಚು ಸುಧಾರಿಸಿದ್ದನ್ನು ಪ್ರಕಟಿಸಿದರು. ರೋಗಿಗಳಿಗೆ ಮೊದಲೇ ವಾದನ ಬರಬೇಕೆಂಬ ನಿಯಮವಿರಲಿಲ್ಲ. ಚೆಂಡು ಹಿಸುಕಿದರೆ ಬೆರಳಿಗೆ ಏನೂ ಕೇಳಿಸುವುದಿಲ್ಲ. ಮನೆಯನ್ನು ಒತ್ತಿದರೆ ಸರಿಯೋ ತಪ್ಪೋ ಆ ಕ್ಷಣವೇ ಕಿವಿಗೆ ಗೊತ್ತಾಗುತ್ತದೆ. ಕಿವಿ ಬೆರಳನ್ನು ತಿದ್ದುತ್ತದೆ. ಎಲ್ಲರಿಗೂ ಎಲ್ಲವೂ ಮರಳುತ್ತದೆಂದು ನಾನು ಹೇಳಲಾರೆ. ಎರಡು ವರ್ಷಗಳ ಮೇಲೆ ಬೆರಳು ಪೂರ್ತಿ ಮರಳುವ ಸಂಭವ ಕಡಿಮೆ, ಅದನ್ನು ಮುಚ್ಚಿಡುವುದು ವೈದ್ಯನಿಗೆ ತರವಲ್ಲ.

ಮರಳದಿದ್ದರೂ ನುಡಿಸಿದವರಿದ್ದಾರೆ. ಕೆನಡಾದ ಜಾಜ್ ಪಿಯಾನೊ ವಾದಕ ಆಸ್ಕರ್ ಪೀಟರ್‌ಸನ್ನನಿಗೆ 1993ರಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಸೋತಿತು. ಎರಡೂ ಕೈಗಳ ವೇಗಕ್ಕೆ ಜಗದ್ವಿಖ್ಯಾತನಾಗಿದ್ದವನು. ಚೇತರಿಸಿಕೊಂಡು ಮತ್ತೆ ವೇದಿಕೆಯೇರಿದ, ಹೆಚ್ಚಿನ ಭಾರವನ್ನು ಬಲಗೈಗೆ ಕೊಟ್ಟು. ಎಡಗೈ ಬಿಟ್ಟ ಜಾಗವನ್ನು ಜೊತೆಯ ಗಿಟಾರು, ಬಾಸ್, ಡ್ರಮ್ಮುಗಳು ತುಂಬಿದವು. 2007ರಲ್ಲಿ ತೀರಿಕೊಂಡ. ಆ ಕೊನೆಯ ವರ್ಷಗಳ ಧ್ವನಿಮುದ್ರಣಗಳಲ್ಲಿ ಹಿಂದಿನ ಮಿಂಚಿಲ್ಲ. ಆದರೆ ಅದನ್ನು ಯಾರೂ ಮೋಸವೆನ್ನಲಿಲ್ಲ.

ಇನ್ನು ಎದುರಾಳಿಯ ವಾದಕ್ಕೂ ನ್ಯಾಯ ಸಲ್ಲಿಸಬೇಕು. ಯಂತ್ರವನ್ನು ಸಂಗೀತಕ್ಕೆ ಸೇರಿಸಿದಾಗಲೆಲ್ಲ ಆಕ್ಷೇಪ ಬಂದಿದೆ. ಕೆಲವು ಆಕ್ಷೇಪಗಳು ಸರಿಯಾದವೂ ಹೌದು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಬಹಿಷ್ಕರಿಸಿತು. ರವೀಂದ್ರನಾಥ ಠಾಕೂರರಂಥವರೂ ಆ ಬಹಿಷ್ಕಾರದ ಪರವಾಗಿದ್ದರು. ಮನೆಗಳು ಗಟ್ಟಿಯಾಗಿ ಕಟ್ಟಿಹಾಕಿದವು, ಗಮಕ ಮೀಂಡುಗಳಿಗೆ ಅಲ್ಲಿ ಎಡೆಯಿಲ್ಲ ಎಂಬುದು ವಾದ. ವಾದದಲ್ಲಿ ಸುಳ್ಳಿಲ್ಲ. ಆದರೂ ಮೂರು ದಶಕ ರೇಡಿಯೋದಿಂದ ಹೊರಗಿದ್ದ ಪೇಟಿ ಗದಗ, ಧಾರವಾಡ, ಬೆಳಗಾವಿಗಳ ಜಗಲಿಗಳಿಂದ ಒಂದು ದಿನವೂ ಹೊರಗಿರಲಿಲ್ಲ. 1971ರಲ್ಲಿ ನಿರ್ಬಂಧ ಭಾಗಶಃ ಸಡಿಲವಾಯಿತು. ಟ್ರ್ಯಾಕಿನ ಮೇಲೆ ನನ್ನದೇ ದೂರು ಬೇರೆ: ಅದಕ್ಕೆ ಕಿವಿಯಿಲ್ಲ. ಮದ್ದಳೆಯವನು ವೇಷಧಾರಿಯ ಹೆಜ್ಜೆ ತಡವಾದರೆ ಒಂದು ಪೆಟ್ಟು ಹೆಚ್ಚು ಹಾಕಿ ಕಾಯುತ್ತಾನೆ. ಪೇಟಿ ಮಾಸ್ತರರು ಸಾಲು ಮರೆತ ನಟನನ್ನು ಸ್ವರ ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದರು. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಸೋತ ಬೆರಳು ತಪ್ಪಿದ ಕ್ಷಣ ಅದು ಮುಂದೆ ಹೋಗಿಯಾಗಿರುತ್ತದೆ. ಅಭ್ಯಾಸಕ್ಕೆ ಅದು ಒಳ್ಳೆಯ ಒಡನಾಡಿ, ವೇದಿಕೆಯಲ್ಲಿ ಸ್ವಲ್ಪ ನಿರ್ದಯಿ.

ಇಷ್ಟನ್ನೂ ಕಳೆದ ಮೂರು ತಿಂಗಳಲ್ಲಿ ಮಿತ್ರರ ಕೋಣೆಯಲ್ಲಿ ಪ್ರತ್ಯಕ್ಷ ಕಂಡಿದ್ದೇನೆ. ನಾನು ಈ ಚರಿತ್ರೆಯನ್ನು ಅವರಿಗೆ ಕಂತುಕಂತಾಗಿ ಹೇಳಿದ್ದೆ. ವಿಟ್‌ಗೆನ್‌ಸ್ಟೈನನ ಕಥೆಗೆ ಅವರು ಮರುಳಾಗಲಿಲ್ಲ. “ಅವನು ದುಡ್ಡಿದ್ದವನು” ಎಂದರು. ಹಿಮ್ಮೇಳದ ಮಾತಿಗೆ ಮಾತ್ರ ಸುಮ್ಮನಾದರು. ಅವರ ತಂದೆ ಮೇಳದಲ್ಲಿ ಮದ್ದಳೆ ನುಡಿಸುತ್ತಿದ್ದರಂತೆ, ಅದು ನನಗೆ ಆವರೆಗೆ ತಿಳಿದಿರಲಿಲ್ಲ. ಮರುವಾರ ಫೋನು ಮಾಡಿ, ಭಜನೆಯ ಪೇಟಿಯನ್ನು ಒಮ್ಮೆ ತರಿಸಿಕೊಡಿ ಎಂದರು. ಎಡಗೈಯ ಮುಷ್ಟಿಯನ್ನು ತಿದಿಯ ಹಲಗೆಗೆ ತಾಗಿಸಿ ಮೊಣಕೈಯಿಂದ ಒತ್ತಿದರು. ಗಾಳಿ ನಿಂತಿತು. ಬಲಗೈ ಷಡ್ಜ ಹಿಡಿಯಿತು. ಐದು ನಿಮಿಷಕ್ಕೆ ಭುಜ ದಣಿಯಿತು, ದಣಿಯುವವರೆಗೆ ನಿಲ್ಲಿಸಲಿಲ್ಲ. ಆಮೇಲೆ ಕೀಬೋರ್ಡನ್ನು ಪೆಟ್ಟಿಗೆಯಿಂದ ತೆಗೆದರು. ಎಡಗೈಯ ತೋರುಬೆರಳನ್ನು ನೇರ ನಿಲ್ಲಿಸಲು ನಮ್ಮ ಫಿಸಿಯೋಥೆರಪಿಯವರು ಒಂದು ಸಣ್ಣ ಪಟ್ಟಿ ಕಟ್ಟಿಕೊಟ್ಟಿದ್ದಾರೆ. ಅದರಿಂದ ಸ್ವರಮೇಳದ ಒಂದು ಮನೆಯನ್ನು ಒತ್ತುತ್ತಾರೆ. ಮನೆ ಬದಲಿಸಲು ಬೆರಳಲ್ಲ, ಇಡೀ ತೋಳನ್ನು ಸರಿಸುತ್ತಾರೆ. ಟ್ರ್ಯಾಕಿನ ವೇಗವನ್ನು ನಿಮಿಷಕ್ಕೆ 60 ಮಾತ್ರೆಗೆ ಇಳಿಸಿದ್ದಾರೆ. ಪಲ್ಲವಿಯಿಂದ ಅನುಪಲ್ಲವಿಗೆ ಹೊರಳುವಲ್ಲಿ ಎಡಗೈ ಇನ್ನೂ ತಡವಾಗುತ್ತದೆ, ಟ್ರ್ಯಾಕು ಓಡಿಹೋಗುತ್ತದೆ, ಅವರು ಬೈಯುತ್ತಾರೆ, ಮಗಳು ಮೊಬೈಲು ಹಿಡಿದು ಮತ್ತೆ ಮೊದಲಿನಿಂದ ಹಾಕುತ್ತಾಳೆ.

ಮೊನ್ನೆ ತಾಲೀಮಿನಲ್ಲಿ ತಬಲಾದ ಹುಡುಗ ಇದನ್ನು ನೋಡುತ್ತ ಕುಳಿತಿದ್ದ. ‘ಅಂಕಲ್, ಎರಡನೆಯ ಹಾಡಿಗೆ ಟ್ರ್ಯಾಕ್ ಬೇಡ, ನಾನು ಕೂರುತ್ತೇನೆ, ನೀವು ತಿರುಗುವವರೆಗೆ ಸಮ್ಮಿನಲ್ಲಿ ಕಾಯುತ್ತೇನೆ’ ಎಂದ. ಇಂದು ಚಹಾದ ವಿರಾಮದ ನಂತರ ಎರಡು ಹಾಡುಗಳಿವೆ. ಮೊದಲನೆಯದು ಟ್ರ್ಯಾಕಿನೊಂದಿಗೆ, ಎರಡನೆಯದು ಈ ಹುಡುಗನೊಂದಿಗೆ. ಮೂರನೆಯ ಸಾಲಿನವರು ಈಗಲೇ ಎದ್ದು ಪಟ್ಟಿ ಕಟ್ಟಿಸಿಕೊಳ್ಳಬೇಕು, ಅದಕ್ಕೆ ಹತ್ತು ನಿಮಿಷ ಬೇಕಾಗುತ್ತದೆ.